ಕೆಲಸದ ಟ್ರಕ್‌ಗಳ ಅಂಬರ್ ಎಚ್ಚರಿಕೆ ದೀಪ: ಕೊಳ್ಳುವ ಮುನ್ನ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ದುರಸ್ತಿ ಕೆಲಸದ ಟ್ರಕ್‌ಗಳಿಗೆ ಅಂಬರ್ (ಕಿತ್ತಳೆ ಮಿಶ್ರಿತ ಹಳದಿ) ಬಣ್ಣದ ಎಚ್ಚರಿಕೆ ದೀಪ ಕೊಳ್ಳುವವರು ಬೆಲೆಗಿಂತ ಮೊದಲು ಅದರ ಮೇಲಿನ ಮಾನದಂಡದ ಗುರುತನ್ನು ನೋಡಬೇಕೆಂದು ಕೋರುತ್ತೇನೆ. ಎಸ್‌ಎಇ ಜೆ845 ಎಂಬ, ವಾಹನದ ಎಚ್ಚರಿಕೆ ದೀಪಗಳಿಗಾಗಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ಮಾನದಂಡದಲ್ಲಿ ಮೂರು ವರ್ಗಗಳಿದ್ದು, ಮೊದಲನೆಯದು ಅತ್ಯಂತ ಪ್ರಖರವಾದದ್ದು. ವೇಗದ ರಸ್ತೆಯ ಅಂಚಿನಲ್ಲಿ ನಿಂತು ಕೆಲಸ ಮಾಡುವವರಿಗೆ ಅದೇ ಸೂಕ್ತ. ಯುರೋಪಿನ ನಿಯಮ ಪಾಲಿಸುವ ಕಡೆಗಳಲ್ಲಿ ಎಚ್ಚರಿಕೆ ದೀಪಗಳಿಗೆ ಅಲ್ಲಿ ಅನ್ವಯಿಸುವ ಆರ್65 ನಿಯಮದ ಗುರುತನ್ನು ನೋಡಬೇಕು. ಎಲ್‌ಇಡಿಗಳ ಸಂಖ್ಯೆಯನ್ನಷ್ಟೇ ದೊಡ್ಡದಾಗಿ ಬರೆದು ಈ ಗುರುತಿನ ಬಗ್ಗೆ ಏನೂ ಹೇಳದ ದೀಪ ಎಷ್ಟೇ ಅಗ್ಗವಾಗಿದ್ದರೂ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ಬೆಳಕನ್ನು ನಂಬಿ ರಸ್ತೆಯಲ್ಲಿ ನಿಲ್ಲುವವರು ನಮ್ಮ ಜೊತೆಗಾರರೇ.

ಹಣ ಉಳಿಸಲು ಬೇರೆ ದಾರಿಗಳಿವೆ. ಟ್ರಕ್ಕಿನ ಮೇಲೆ ಏಣಿ, ಪೆಟ್ಟಿಗೆಗಳಂಥ ಅಡ್ಡಿಗಳಿಲ್ಲದಿದ್ದರೆ ಉದ್ದನೆಯ ಲೈಟ್‌ಬಾರ್ ಬದಲು ಸುತ್ತಲೂ ಕಾಣುವ ಒಂದೇ ಬೀಕನ್ (ಮಿನುಗುವ ಒಂಟಿ ದೀಪ) ಸಾಕಾಗಬಹುದು. ಅಡ್ಡಿಯಿದ್ದರೆ ಹಿಂಬದಿಗೆ ಎರಡು ಚಿಕ್ಕ ದೀಪಗಳನ್ನು ಸೇರಿಸಿ. ಒಂದೇ ದೀಪವನ್ನು ಹಲವು ವಾಹನಗಳಿಗೆ ಬಳಸುವವರಿಗೆ ಮ್ಯಾಗ್ನೆಟ್ ತಳದ್ದು ಅನುಕೂಲ, ಆದರೆ ಅದು ಅಲ್ಯೂಮಿನಿಯಂ ಮೇಲೆ ಹಿಡಿಯುವುದಿಲ್ಲ ಮತ್ತು ವಾಹನದ ವೇಗ ಹೆಚ್ಚಿದಂತೆ ಕಳಚಿ ಬೀಳುವ ಅಪಾಯವೂ ಇದೆ.

ಮಳೆ, ಧೂಳಿಗೆ ಐಪಿ67 ರಕ್ಷಣೆ ಒಳ್ಳೆಯದು (ಐಪಿ ಎಂದರೆ ಧೂಳು, ನೀರು ಒಳಹೋಗದಂತೆ ತಡೆಯುವ ಮಟ್ಟದ ಗುರುತು). ಒತ್ತಡದ ನೀರಿನಿಂದ ತೊಳೆಯುವ ವಾಹನಕ್ಕೆ ಐಪಿ69ಕೆ ಇರಲಿ. ಟ್ರಕ್ಕಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದೋ 24 ವೋಲ್ಟಿನದೋ ಎಂದು ಖಚಿತಪಡಿಸಿಕೊಂಡು, ಫ್ಯೂಸನ್ನು ಬ್ಯಾಟರಿಯ ಸಮೀಪವೇ ಹಾಕಿಸಿ. ಕತ್ತಲಲ್ಲಿ ಎದುರಿನ ಚಾಲಕರ ಕಣ್ಣು ಕುಕ್ಕದಂತೆ ಬೆಳಕನ್ನು ತಗ್ಗಿಸುವ ಸೌಲಭ್ಯಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ದೀಪದ ಬಣ್ಣ ಮತ್ತು ಬಳಕೆಯ ಬಗ್ಗೆ ನಿಮ್ಮಲ್ಲಿನ ಸಾರಿಗೆ ನಿಯಮವನ್ನು ಓದಿಕೊಂಡೇ ಆರ್ಡರ್ ಮಾಡಿ.