ಕುಟ್ಟೆಗೆ ಒರಲೆ ಮದ್ದು, ಮಲ್ಲಿಗೆಗೂ ಅದೇ ಮದ್ದು

ಇವರಿಗೆ,
ವ್ಯವಸ್ಥಾಪಕರು,
ಪೆಸ್ಟ್ ಕಂಟ್ರೋಲ್ ಸೇವೆ, ಉಡುಪಿ ಶಾಖೆ

ವಿಷಯ: ಮಾರ್ಚ್ 12ರಂದು ಶಂಕರಪುರದ ನಮ್ಮ ಮನೆಯಲ್ಲಿ ಮಾಡಿದ ಕೆಲಸದ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಹುಡುಗರು ಬಂದು ಹೋಗಿ ಐದು ವಾರವಾಯಿತು. ಮಂಚದ ಕೆಳಗೆ ಹಿಟ್ಟು ಇವತ್ತೂ ಉದುರುತ್ತಿದೆ. ಎರಡು ಸಲ ಫೋನ್ ಮಾಡಿದೆ. ‘ಮದ್ದು ಹಿಡಿಯಲು ಸ್ವಲ್ಪ ಸಮಯ ಬೇಕು ಅಮ್ಮ’ ಎಂಬ ಉತ್ತರ ಬಂತು. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ನಾನು ನಿಮ್ಮನ್ನು ಕರೆಸಿದ್ದೇ ಆ ಹಿಟ್ಟನ್ನು ನೋಡಿ. ಅದು ರಬ್ಬರ್ ಮರದ ಮಂಚ. ಕಾಲಿನ ಬುಡದಲ್ಲಿ ಮೈದಾದಷ್ಟು ನಯವಾದ ಪುಡಿ ಬೀಳುತ್ತಿತ್ತು. ಮರದ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಬಂದ ಇಬ್ಬರೂ ಮಂಚದ ಹತ್ತಿರ ಬಗ್ಗಿ ನೋಡಲಿಲ್ಲ. ಕೋಣೆಯ ಬಾಗಿಲಲ್ಲೇ ನಿಂತು ‘ಒರಲೆ’ ಎಂದರು, ಡ್ರಿಲ್ ತೆಗೆದರು.

ಒರಲೆ, ಅಂದರೆ ಗೆದ್ದಲು, ನಮ್ಮ ಊರಿಗೆ ಹೊಸತಲ್ಲ. ಅದು ನೆಲದೊಳಗಿಂದ ಬರುತ್ತದೆ. ಗೋಡೆಯ ಮೇಲೆ ಮಣ್ಣಿನ ದಾರಿ ಮಾಡಿಕೊಂಡೇ ಮರಕ್ಕೆ ಹತ್ತುತ್ತದೆ. ತಿಂದ ಜಾಗದಲ್ಲೂ ಮಣ್ಣು ಮೆತ್ತಿರುತ್ತದೆ, ಹೀಗೆ ಹಿಟ್ಟು ಸುರಿಯುವುದಿಲ್ಲ. ನಮ್ಮ ಗೋಡೆಯಲ್ಲಿ ಒಂದು ಮಣ್ಣಿನ ಗೆರೆಯೂ ಇರಲಿಲ್ಲ. ಇದು ಕುಟ್ಟೆ, ಮರ ಕೊರೆಯುವ ಸಣ್ಣ ದುಂಬಿ. ಅದರ ಮರಿಹುಳ ಮರದೊಳಗೇ ಬೆಳೆದು, ದೊಡ್ಡದಾದ ಮೇಲೆ ತೂತು ಕೊರೆದು ಹೊರಗೆ ಬರುತ್ತದೆ. ಅದಕ್ಕೆ ಮಣ್ಣೇ ಬೇಡ. ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಹಾಗಾಗಿ ಬೇಗ ಹಿಡಿಯುತ್ತದೆ. ಮದ್ದು ಹೋಗಬೇಕಾದದ್ದು ಮಂಚದ ತೂತಿಗೆ. ನೀವು ಹಾಕಿದ್ದು ನೆಲಕ್ಕೆ.

ನಮ್ಮದು ಮಾವನವರು ಹಾಕಿಸಿದ ರೆಡ್ ಆಕ್ಸೈಡ್ ನೆಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈಗ ಗೋಡೆಯ ಬುಡದಲ್ಲಿ ಅಡಿಗೊಂದರಂತೆ 43 ತೂತುಗಳಿವೆ, ಎಣಿಸಿದ್ದೇನೆ. ಅದನ್ನೂ ಬಿಳಿ ಸಿಮೆಂಟಿನಿಂದ ಮುಚ್ಚಿದ್ದಾರೆ. ಒರಲೆಯೇ ಆಗಿದ್ದರೆ ಹಾಗೆ ಕೊರೆದು ಮದ್ದು ಬಿಡುವುದು ಸರಿಯಾದ ಕ್ರಮವೇ, ನಾನು ಒಂದು ಮಾತೂ ಆಡುತ್ತಿರಲಿಲ್ಲ. ಇಲ್ಲದ ಒರಲೆಗೆ ನೆಲ ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೊರಡುವಾಗ ಅಂಗಳದ ಮಲ್ಲಿಗೆ ಗಿಡ ಕಂಡಿತು. ‘ಎಲೆ ಹಳದಿ ಆಗಿದೆ, ಇದಕ್ಕೂ ಹೊಡೆಯುತ್ತೇವೆ, 800 ರೂಪಾಯಿ’ ಎಂದರು. ನಂಬಿ ಒಪ್ಪಿದೆ. ನೆಲಕ್ಕೆ ಹಾಕಿ ಉಳಿದ ಮದ್ದನ್ನೇ ಹೊಡೆದು ಹೋದರು. ಯಾವ ಮದ್ದು ಎಂದು ಕೇಳಿದ್ದಕ್ಕೆ ‘ಇಮಿಡಾಕ್ಲೋಪ್ರಿಡ್’ ಎಂದರು. ಅದು ಇದ್ದದ್ದು ಲೇಬಲ್ ಇಲ್ಲದ ನೀರಿನ ಬಾಟಲಿಯಲ್ಲಿ. ಬಿಲ್ಲಿನಲ್ಲಿ ‘ಕೆಮಿಕಲ್’ ಎಂದಷ್ಟೇ ಇದೆ.

ಹತ್ತು ದಿನದಲ್ಲಿ ಎಲೆ ಇನ್ನೂ ಬಾಡಿತು. ಪಕ್ಕದ ಮನೆಯ ಅಕ್ಕ ಬಂದು ಒಂದು ಗೆಲ್ಲಿನ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರು. ಧೂಳಿನಂಥ ಕೆಂಪು ಚುಕ್ಕೆಗಳು ಬಿದ್ದವು. ನೋಡುತ್ತಿದ್ದ ಹಾಗೆ ನಡೆಯತೊಡಗಿದವು. ಎಲೆಯ ಅಡಿಯಲ್ಲಿ ನವಿರಾದ ಬಲೆಯೂ ಇತ್ತು. ನುಸಿ! ತೆಂಗಿನ ನುಸಿ ಕಂಡ ನಮಗೆ ಆ ಹೆಸರು ಗೊತ್ತೇ ಇದೆ, ಇದು ನುಸಿಯಲ್ಲೇ ಬೇರೆ ಬಗೆ. ನುಸಿ ಕೀಟವಲ್ಲ, ಜೇಡದ ಕಡೆಯದು. ಒಣ ಬಿಸಿಲಿನಲ್ಲಿ ಹೆಚ್ಚುತ್ತದೆ. ಇಮಿಡಾಕ್ಲೋಪ್ರಿಡ್‌ಗೆ ಅದು ಬಗ್ಗುವುದಿಲ್ಲ. ಆದರೆ ಜೇನುಹುಳಕ್ಕೆ ಆ ಮದ್ದು ವಿಷ. ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ, ಬಿಸಿಲು ಇಳಿದ ಮೇಲೆ ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಹೊಡೆದೆ. ಈಗ ಹೊಸ ಚಿಗುರು ಬಂದಿದೆ. ನಿಮ್ಮವರಿಗೆ ಗೊತ್ತಾಗದಿದ್ದರೆ ಒಂದು ಎಲೆಯನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಕೇಳಬಹುದಿತ್ತು ಅಲ್ವಾ?

ಹದಿನೆಂಟು ಗಿಡ ನನಗೆ ಸಣ್ಣದಲ್ಲ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಲೆಕ್ಕದಲ್ಲಿ (ನಾಲ್ಕು ಚೆಂಡಿಗೆ ಒಂದು ಅಟ್ಟೆ) ಕೊಡುತ್ತೇನೆ. ಮೂರು ವಾರ ಒಂದು ಚೆಂಡು ಮಲ್ಲಿಗೆಯನ್ನೂ ಕೊಡಲಿಲ್ಲ. ಹೆಂಗಸರು ಮುಡಿಯುವ ಹೂ, ದೇವರಿಗೆ ಏರುವ ಹೂ. ಏನು ಹೊಡೆದಿದ್ದಾರೆಂದು ಸರಿಯಾಗಿ ಗೊತ್ತಿಲ್ಲದೆ ಹೇಗೆ ಕಟ್ಟಿ ಕೊಡಲಿ? ಕೊಯ್ದು ಗುಂಡಿಗೆ ಹಾಕಿದೆ.

ನಾನು ಕೊಟ್ಟ 9,500 ರೂಪಾಯಿ ಮತ್ತು ಮಲ್ಲಿಗೆಯ 800 ರೂಪಾಯಿ ವಾಪಸ್ ಕೊಡಿ. ನೆಲದ ತೂತುಗಳನ್ನು ಅದೇ ಕೆಂಪು ಬಣ್ಣದಲ್ಲಿ, ರೆಡ್ ಆಕ್ಸೈಡ್ ಕೆಲಸ ಗೊತ್ತಿರುವವರಿಂದ ಸರಿ ಮಾಡಿಸಿ. ಅಂದು ಬಳಸಿದ ಮದ್ದಿನ ಹೆಸರು, ಪ್ರಮಾಣ, ಡಬ್ಬಿಯ ಲೇಬಲಿನ ಫೋಟೋ, ಕೀಟನಾಶಕ ಕಾಯ್ದೆಯಡಿ ನಿಮಗಿರುವ ಪರವಾನಗಿಯ ಪ್ರತಿ, ಎಲ್ಲವನ್ನೂ ಬರಹದಲ್ಲಿ ಕಳಿಸಿ. ಮಂಚಕ್ಕೆ ಮದ್ದು ಹಾಕಲು ನಿಮ್ಮವರೇ ಬರುವುದಾದರೆ, ಕುಟ್ಟೆಗೂ ಒರಲೆಗೂ ವ್ಯತ್ಯಾಸ ಗೊತ್ತಿರುವವರು ಬರಲಿ. ಟಾರ್ಚ್ ಹಿಡಿದು ನೋಡಿ, ಏನು ಹುಳ ಎಂದು ನನಗೂ ತೋರಿಸಿ, ಆಮೇಲೆ ಬಾಟಲಿ ತೆರೆಯಲಿ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಬಿಲ್, ನೆಲದ ಫೋಟೋ, ಕಾಗದದ ಮೇಲೆ ನುಸಿ ಓಡಾಡುವ ವೀಡಿಯೊ ನನ್ನ ಹತ್ತಿರ ಇವೆ. ಮಂಚದಿಂದ ಬಿದ್ದ ಹಿಟ್ಟನ್ನೂ ಒಂದು ಕರಡಿಗೆಯಲ್ಲಿ ತೆಗೆದಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ಶಂಕರಪುರ, ಉಡುಪಿ ಜಿಲ್ಲೆ