ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ?

ಚಿರಂಜೀವಿ ಮಗಳಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ ಉದ್ಯಮ ಯೋಜನೆಯ ನಲವತ್ತು ಪುಟಗಳನ್ನು ಎರಡು ಸಲ ಓದಿದೆ. ಮಕ್ಕಳ ಬೆನ್ನಿಗೆ ಭಾರವಾಗದ ಶಾಲಾ ಚೀಲ ಮಾಡಬೇಕೆಂಬ ನಿನ್ನ ಆಸೆ ನನಗೆ ಬಹಳ ಹಿಡಿಸಿತು. ಐದನೆಯ ವರ್ಷದ ಮಾರಾಟವನ್ನು ಬಣ್ಣಬಣ್ಣದ ನಕ್ಷೆಯಲ್ಲಿ ತೋರಿಸಿದ್ದೀಯ. ಕಂಪನಿಯ ಲಾಂಛನವೂ ಸಿದ್ಧವಾಗಿದೆ. ಆದರೆ ಚೀಲ ಹೊರುವ ಒಂದು ಮಗುವಾಗಲಿ, ಅದನ್ನು ಕೊಳ್ಳುವ ಒಬ್ಬ ತಾಯಿಯಾಗಲಿ ಬಾಯಿಬಿಟ್ಟು ಹೇಳಿದ ಒಂದು ಮಾತೂ ಆ ಪುಟಗಳಲ್ಲಿ ಇಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗಾಗಿದೆ. ನಿನ್ನನ್ನು ನೋಯಿಸಲು ಹೀಗೆ ಬರೆಯುತ್ತಿಲ್ಲ. ಮುಂದಿನ ತಿಂಗಳು ಕೆಲಸ ಬಿಡುತ್ತೇನೆ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಉದ್ಯಮಿ ಎಂದರೆ ಎಲ್ಲವನ್ನೂ ಪಣಕ್ಕಿಡುವ ಎದೆಗಾರರು ಎಂದು ನೀನು ನಂಬಿದ ಹಾಗಿದೆ. ಉದ್ಯಮ ಎಂಬ ಪದಕ್ಕೆ ಮೊದಲಿನಿಂದ ಇರುವ ಅರ್ಥ ಪ್ರಯತ್ನ. ಜೂಜಿನ ವಾಸನೆ ಅದರಲ್ಲಿ ಇಲ್ಲ. ಈ ವೃತ್ತಿಯನ್ನು ಸ್ಪಷ್ಟವಾಗಿ ವಿವರಿಸಿದ ಮೊದಲಿಗರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಕ್ಯಾಂಟಿಲಾನ್ ಒಬ್ಬರು. ಅವರ ಬರಹ ಅಚ್ಚಾದದ್ದು ಅವರು ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ, 1755ರಲ್ಲಿ. ಗೊತ್ತಿರುವ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವರು ಎಂದು ಉದ್ಯಮಿಯನ್ನು ಅವರು ಗುರುತಿಸಿದರು. ಬಟ್ಟೆಗೆ, ಬಾಡಿಗೆಗೆ, ಕೂಲಿಗೆ ನೀನು ಕೊಡುವುದು ಖಚಿತ. ನಿನಗೆ ಬರುವುದು ಖಚಿತವಲ್ಲ. ಹಾಗಿದ್ದ ಮೇಲೆ ಎಷ್ಟು ಗಳಿಸುತ್ತೇನೆ ಎಂಬುದು ನಿನ್ನ ಮೊದಲ ಲೆಕ್ಕವಾಗಬಾರದು. ಎಷ್ಟು ಕಳೆದುಕೊಂಡರೆ ನಾನೂ ನನ್ನ ಮನೆಯವರೂ ತಡೆದುಕೊಳ್ಳಬಲ್ಲೆವು ಎಂದು ಮೊದಲು ಕೇಳಿಕೋ. ಆ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದೆ ಇಡು. ಹಣದ ಜೊತೆಗೆ ತಿಂಗಳುಗಳನ್ನೂ ಬರೆ. ಅದನ್ನು ಮೀರಿದ ದಿನ ನಿಲ್ಲಿಸುತ್ತೇನೆ ಎಂಬ ತೀರ್ಮಾನ ತಲೆ ತಣ್ಣಗಿರುವ ಈಗಲೇ ಆಗಬೇಕು. ನಷ್ಟದ ನಡುವೆ ನಿಂತಾಗ ಇನ್ನೊಂದು ತಿಂಗಳು, ಇನ್ನೊಂದು ಸಾಲ ಎಂದೇ ಮನಸ್ಸು ಹೇಳುತ್ತದೆ.

ಜೇಮ್ಸ್ ಡೈಸನ್ ಅವರ ಉದಾಹರಣೆ ಕೊಟ್ಟಿದ್ದೀಯ. ಧೂಳು ತುಂಬುವ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ ಸುಮಾರು ಐದು ವರ್ಷ ಕುಳಿತು 5,127 ಮಾದರಿಗಳನ್ನು ಮಾಡಿದರು, ನಿಜ. ಆ ವರ್ಷಗಳಲ್ಲಿ ಮನೆಗೆ ಆಸರೆಯಾಗಿದ್ದು ಚಿತ್ರಕಲೆ ಕಲಿಸುತ್ತಿದ್ದ ಅವರ ಹೆಂಡತಿಯ ಸಂಬಳ. ಕಥೆ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ನನಗೆ ಅದು ಅನ್ಯಾಯ ಎನಿಸುತ್ತದೆ. ನಿನ್ನ ಬೆನ್ನಿಗೆ ನಿಲ್ಲುವ ಸಂಬಳ ಯಾರದು ಎಂದು ನಲವತ್ತು ಪುಟಗಳಲ್ಲಿ ಎಲ್ಲೂ ಬರೆದಿಲ್ಲ. ಇನ್ನೊಂದು ವಿಷಯ: ಡೈಸನ್ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುತ್ತಿದ್ದರು. ಆದ್ದರಿಂದ ಯಾವುದರಿಂದ ಕೆಟ್ಟಿತು, ಯಾವುದರಿಂದ ಸುಧಾರಿಸಿತು ಎಂಬುದು ಪ್ರತಿ ಸಲವೂ ತಿಳಿಯುತ್ತಿತ್ತು. ಕೆಟ್ಟ ಯಂತ್ರವನ್ನೇ ಹಠ ಹಿಡಿದು ಐದು ಸಾವಿರ ಸಲ ಕಟ್ಟಿದ್ದರೆ ಇಂದು ಅವರ ಹೆಸರು ಹೇಳುವವರು ಇರುತ್ತಿರಲಿಲ್ಲ.

ಈಗ ಗಿರಾಕಿಯ ಮಾತಿಗೆ ಬರುತ್ತೇನೆ. "ನನ್ನ ಚೀಲ ಹೇಗಿದೆ?" ಎಂದು ಯಾರನ್ನೂ ಕೇಳಬೇಡ. ನಿನ್ನ ಮುಖ ನೋಡಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಕಳೆದ ಸಲ ಚೀಲ ಕೊಂಡದ್ದು ಯಾವಾಗ, ಎಷ್ಟು ತಿಂಗಳು ಬಾಳಿತು, ಮೊದಲು ಹರಿದದ್ದು ಎಲ್ಲಿ, ಹರಿದಾಗ ಏನು ಮಾಡಿದಿರಿ, ಹೊಸದನ್ನು ಆರಿಸಿದವರು ತಾಯಿಯೋ ಮಗುವೋ ಎಂದು ಕೇಳು. ಆಗಿ ಹೋದದ್ದರ ಬಗ್ಗೆ ಜನ ನಿಜ ಹೇಳುತ್ತಾರೆ, ಮುಂದೆ ಕೊಳ್ಳುತ್ತೇವೆ ಎಂಬ ಮಾತು ಮಾತ್ರ ಮುಲಾಜಿನದು. ಕೇಳಿ ಸುಮ್ಮನಾಗು. ನಡುವೆ ಬಾಯಿ ಹಾಕಿ ನಿನ್ನ ಚೀಲದ ಗುಣಗಾನ ಶುರುಮಾಡಿದರೆ ಅವರು ಹೇಳಬೇಕೆಂದಿದ್ದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಯಶಸ್ವಿ ಉದ್ಯಮಿಗಳ ಗುಣ ಯಾವುದು ಎಂದು ಕೇಳಿದ್ದೀಯಲ್ಲ, ತನಗೆ ಹಿತವಲ್ಲದ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವುದನ್ನು ನಾನು ಮೊದಲು ಹೇಳುತ್ತೇನೆ. ಧೈರ್ಯವನ್ನು ಆಮೇಲೆ.

1999ರಲ್ಲಿ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡು. ಜ್ಯಾಪೋಸ್ ಎಂಬ ಇಂಟರ್ನೆಟ್ ಶೂ ಅಂಗಡಿ ಆರಂಭಿಸಿದ ನಿಕ್ ಸ್ವಿನ್‌ಮರ್ನ್ ಅವರಿಗೆ, ಜನ ಕಾಲಿಗೆ ಹಾಕಿ ನೋಡದೆ ಇಂಟರ್ನೆಟ್‌ನಲ್ಲಿ ಶೂ ಕೊಳ್ಳುತ್ತಾರೆಯೇ ಎಂದು ತಿಳಿಯಬೇಕಿತ್ತು. ಅವರು ಸರಕು ತುಂಬಿಸಿಕೊಳ್ಳಲಿಲ್ಲ. ಅಂಗಡಿಗಳಿಗೆ ಹೋಗಿ ಶೂಗಳ ಫೋಟೊ ತೆಗೆದು ಹಾಕಿದರು, ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳುಹಿಸಿದರು. ಅದರಿಂದ ಲಾಭವಿರಲಿಲ್ಲ, ಉತ್ತರ ಸಿಕ್ಕಿತು. ಅದೇ ವರ್ಷ ವೆಬ್‌ವ್ಯಾನ್ ಎಂಬ ಕಂಪನಿ ಮನೆಮನೆಗೆ ದಿನಸಿ ತಲುಪಿಸುವ ಕೆಲಸಕ್ಕೆ ಇಳಿದು, ಗಿರಾಕಿಗಳು ನೆಲೆಯೂರುವ ಮೊದಲೇ 26 ಭಾರಿ ಗೋದಾಮುಗಳಿಗೆ ಕರಾರು ಮಾಡಿಕೊಂಡಿತು. 2001ರ ಜುಲೈನಲ್ಲಿ ಬಾಗಿಲು ಹಾಕಿತು. ನಿನ್ನ ಯೋಜನೆಯ ಮೊದಲ ಖರ್ಚೇ ಇಪ್ಪತ್ತು ಹೊಲಿಗೆ ಯಂತ್ರ. ಅದನ್ನು ಓದಿದಾಗ ನನಗೆ ಆ ಗೋದಾಮುಗಳು ನೆನಪಾದವು.

ಕೇಳಿದರೆ ಮಾತ್ರ ಸಾಲದು, ಕೈಗೆ ಕೊಟ್ಟೂ ನೋಡಬೇಕಾಗುತ್ತದೆ. ಅಮೆರಿಕದ ತ್ರೀಎಂ ಕಂಪನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಹಿಡಿಯದ ಒಂದು ಅಂಟನ್ನು ಕಂಡುಹಿಡಿದರು. ಅದು ಏತಕ್ಕೆ ಬೇಕು ಎಂದು ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ಹಾಡಿನ ಪುಸ್ತಕದಿಂದ ಪುಟ ಗುರುತಿಸಲು ಇಟ್ಟ ಚೀಟಿಗಳು ಉದುರುತ್ತಿದ್ದ ಕಾಟಕ್ಕೆ ಅದೇ ಕಂಪನಿಯ ಆರ್ಟ್ ಫ್ರೈ ಅದನ್ನು ಬಳಸಿದಾಗ ಇಂದಿನ ಅಂಟುಚೀಟಿ ಹುಟ್ಟಿತು. ಆದರೂ 1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಲು ಹೋದಾಗ ಕೊಳ್ಳುವವರು ಸಿಗಲಿಲ್ಲ. ಮರುವರ್ಷ ಅಮೆರಿಕದ ಬಾಯ್ಸಿ ನಗರದಲ್ಲಿ ಪುಕ್ಕಟೆಯಾಗಿ ಹಂಚಿದರು. ಬಳಸಿ ನೋಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕೊಳ್ಳುತ್ತೇವೆ ಎಂದರು.

ಇಲ್ಲಿಯವರೆಗೆ ಬೇರೆಯವರ ಕಥೆ ಹೇಳಿದೆ. ನನ್ನ ರಟ್ಟಿನ ಪೆಟ್ಟಿಗೆಗಳ ಘಟಕ ನಿನಗೆ ನೆನಪಿರಬಹುದು, ಅಲ್ಲಿನ ಒಂದು ಶನಿವಾರದ ಸಂಜೆ ನಿನಗೆ ಗೊತ್ತಿಲ್ಲ. ಹನ್ನೊಂದು ಮಂದಿ ಕೈ ತೊಳೆದುಕೊಂಡು ಬಾಗಿಲ ಬಳಿ ನಿಂತಿದ್ದರು. ಅಂಟಿನ ಪಾತ್ರೆಯ ಮೇಲೆ ಆಗಲೇ ಕೆನೆಗಟ್ಟಿತ್ತು. ಲೆಕ್ಕದ ಪುಸ್ತಕದಲ್ಲಿ ಆ ತಿಂಗಳು ಒಳ್ಳೆಯ ಲಾಭ. ಗಲ್ಲಾಪೆಟ್ಟಿಗೆ ತೆರೆದರೆ ಆರು ಮಂದಿಯ ಕೂಲಿಗೂ ಸಾಲದಷ್ಟು ಹಣ. ರಟ್ಟನ್ನು ನಗದು ಕೊಟ್ಟು ತರುತ್ತಿದ್ದೆ, ಪೆಟ್ಟಿಗೆಗಳನ್ನು ತೊಂಬತ್ತು ದಿನದ ಉದ್ರಿಗೆ ಕೊಡುತ್ತಿದ್ದೆ. ಮುಕ್ಕಾಲು ಪಾಲು ಮಾಲು ಹೋಗುತ್ತಿದ್ದುದು ಒಬ್ಬನೇ ಗಿರಾಕಿಗೆ. ಅವನು ಬಾಕಿ ತಡೆಹಿಡಿದ. ಬೇಡಿಕೆ ಹೆಚ್ಚಿದಷ್ಟೂ ನನ್ನ ಕೈ ಬರಿದಾಗುತ್ತಿತ್ತು. ಲಾಭವೂ ನಗದೂ ಒಂದೇ ಎಂದು ತಿಳಿದಿದ್ದ ನಾನು ಅದನ್ನು ಬೆಳವಣಿಗೆ ಎಂದುಕೊಂಡಿದ್ದೆ.

ಇದ್ದ ಹಣವನ್ನು ಮೇಜಿನ ಮೇಲೆ ಇಟ್ಟೆ. ಪುಸ್ತಕವನ್ನೂ ತೆರೆದು ಇಟ್ಟೆ. ಇಷ್ಟೇ ಇದೆ, ಉಳಿದದ್ದನ್ನು ಬುಧವಾರ ಕೊಡುತ್ತೇನೆ ಎಂದೆ. ಹನ್ನೊಂದು ಮಂದಿಗೂ ಸಮನಾಗಿ ಹಂಚಿ, ಸೋಮವಾರ ಸ್ಕೂಟರ್ ಮಾರಿ, ಬುಧವಾರ ಬೆಳಿಗ್ಗೆಯೇ ಬಾಕಿ ತೀರಿಸಿದೆ. ಒಬ್ಬರೂ ಕೆಲಸ ಬಿಟ್ಟು ಹೋಗಲಿಲ್ಲ. ಅಂದಿನಿಂದ ಘಟಕ ಮುಚ್ಚುವವರೆಗೂ ಪ್ರತಿ ಶನಿವಾರ ಮುಂದಿನ ಹದಿಮೂರು ವಾರಗಳ ಲೆಕ್ಕ ಬರೆಯುತ್ತಿದ್ದೆ: ಯಾವ ವಾರ ಯಾರಿಂದ ನಿಜಕ್ಕೂ ಹಣ ಕೈಸೇರುತ್ತದೆ, ಯಾವ ವಾರ ಯಾರಿಗೆ ಕೊಡಬೇಕು. ಒಬ್ಬ ಗಿರಾಕಿಯ ಪಾಲು ಮೂರನೆಯ ಒಂದು ಭಾಗ ಮೀರದಂತೆಯೂ ನೋಡಿಕೊಂಡೆ. ಕೆಲವು ದೊಡ್ಡ ಆರ್ಡರ್‌ಗಳನ್ನು ಇದಕ್ಕಾಗಿ ಬಿಟ್ಟುಕೊಟ್ಟೆ, ಹೊಟ್ಟೆ ಉರಿಯುತ್ತಿತ್ತು.

ನಿನ್ನ ಅಸಲು ಲೆಕ್ಕವನ್ನು ಹೀಗೆ ಮಾಡು. ಒಂದು ಚೀಲದ ಮಾರಾಟದ ಬೆಲೆಯಿಂದ ಆ ಚೀಲಕ್ಕೆ ತಗುಲುವ ಬಟ್ಟೆ, ಜಿಪ್, ದಾರ, ಕೂಲಿ, ಸಾಗಣೆ ಕಳೆ. ಉಳಿದದ್ದರಿಂದ ತಿಂಗಳ ಖಾಯಂ ಖರ್ಚನ್ನು ಭಾಗಿಸು. ಬಂದ ಸಂಖ್ಯೆಯಷ್ಟು ಚೀಲ ಮಾರಿದರೆ ಸಮಸಮ, ಅದರ ಮೇಲಿನದು ಲಾಭ. ಖಾಯಂ ಖರ್ಚಿನಲ್ಲಿ ನಿನ್ನ ಸಂಬಳವನ್ನೂ ಸೇರಿಸು. ನೀನು ಸೇರಿಸಿಲ್ಲ. ಪುಕ್ಕಟೆ ದುಡಿಯುವ ಮಾಲೀಕರ ಮೇಲೆ ನಿಂತ ಲಾಭ ಲಾಭವಲ್ಲ.

ನಿನ್ನ ಗೆಳತಿಗೆ ಅರ್ಧ ಪಾಲು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಸ್ನೇಹ ಉಳಿಯಬೇಕಾದರೆ ಕರಾರು ಬರೆದುಕೊಳ್ಳಿ. ಯಾರ ಹೊಣೆ ಏನು, ಮಾತು ಕೂಡದಿದ್ದಾಗ ಕೊನೆಯ ಮಾತು ಯಾರದು, ಒಬ್ಬರು ನಡುವೆ ಬಿಟ್ಟು ಹೋದರೆ ಪಾಲು ಏನಾಗುತ್ತದೆ ಎಂಬುದು ಅದರಲ್ಲಿರಲಿ. ಪಾಲು ಒಂದೇ ದಿನ ಕೈಸೇರದೆ ನಾಲ್ಕು ವರ್ಷಗಳಲ್ಲಿ ಸ್ವಲ್ಪಸ್ವಲ್ಪವೇ ದಕ್ಕುವಂತೆ ಬರೆಯುವ ರೂಢಿ ಇದೆ, ಅದು ಒಳ್ಳೆಯದು.

ಕೆಲಸವನ್ನು ಈಗಲೇ ಬಿಡಬೇಡ. ಇರುವ ಒಂದೇ ಯಂತ್ರದಲ್ಲಿ ಹತ್ತು ಚೀಲ ಹೊಲಿ. ಹತ್ತು ಮಕ್ಕಳಿಗೆ ಕೊಟ್ಟು ಮೂರು ತಿಂಗಳು ಹೊರಲಿ ಎಂದು ಬಿಡು. ಆಮೇಲೆ ಹೋಗಿ ಹೊಲಿಗೆಗಳನ್ನು ಬೆರಳಿನಿಂದ ಎಳೆದು ನೋಡು. ಆ ಹತ್ತು ಮನೆಗಳಲ್ಲಿ ಎಷ್ಟು ಮಂದಿ ಎರಡನೆಯ ಚೀಲಕ್ಕೆ ಪೂರ್ತಿ ಹಣ ಮುಂಗಡವಾಗಿ ಕೊಟ್ಟರು ಎಂದು ನನಗೆ ಬರೆ.

ನಿನ್ನ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಕೆಲವು ಪ್ರಶ್ನೆ ಬರೆದು ಈ ಪತ್ರದ ಜೊತೆ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಹದಿನೇಳನೆಯ ಪುಟದ ಪ್ರಶ್ನೆಗೆ ಮೊದಲು ಉತ್ತರ ಬೇಕು: ಶಾಲೆ ನಡೆಯುವ ದಿನಗಳಲ್ಲಿ ಚೀಲದ ಹೆಗಲಪಟ್ಟಿ ಕಿತ್ತುಬಂದರೆ ಅದನ್ನು ಹೊಲಿದುಕೊಡುವವರು ಯಾರು, ಅಲ್ಲಿಯವರೆಗೆ ಆ ಮಗು ಪುಸ್ತಕಗಳನ್ನು ಏನರಲ್ಲಿ ಒಯ್ಯಬೇಕು?

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ