ಕಲೀನಾದಲ್ಲಿ ಗೋಲ್ಫ್ ಕೋರ್ಸ್ ಬೇಡ, ಇರುವ ಕೋರ್ಸಿನ ಗೇಟು ತೆರೆಯಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜುಗಳಿಗೆ ಸ್ವಂತ ಗೋಲ್ಫ್ ಕೋರ್ಸ್ ಇರುತ್ತದೆ, ನಮ್ಮ ಮುಂಬಯಿ ಯೂನಿವರ್ಸಿಟಿಗೆ ಕಲೀನಾದಲ್ಲಿ ಅಷ್ಟು ಜಾಗವಿದ್ದೂ ಯಾಕಿಲ್ಲ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅದಕ್ಕೆ ಇನ್ನೊಬ್ಬರು ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂದು ಗಾದೆ ಹೇಳಿ ವಿಷಯ ಮುಗಿಸಿಬಿಟ್ಟರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಲೀನಾದಲ್ಲಿ ಗೋಲ್ಫ್ ಕೋರ್ಸ್ ಬೇಡ ಅನ್ನುವವರ ಕಡೆಗೇ ನಾನೂ ಇದ್ದೇನೆ. ಆದರೆ ಗೋಲ್ಫ್ ಶ್ರೀಮಂತರ ಆಟ, ವಿದ್ಯಾರ್ಥಿಗಳಿಗೆ ಅದರ ಗೊಡವೆ ಯಾಕೆ ಅನ್ನುವ ಮಾತು ಮಾತ್ರ ನುಂಗಲಿಕ್ಕಾಗಲಿಲ್ಲ.

ಮೊದಲು ಜಾಗದ ಲೆಕ್ಕ ನೋಡೋಣ. 18 ಹೋಲ್‌ಗಳ, ಅಂದರೆ ಚೆಂಡು ಹಾಕುವ 18 ಗುಂಡಿಗಳ, ಒಂದು ಪೂರ್ತಿ ಕೋರ್ಸಿಗೆ ಕಡಿಮೆ ಅಂದರೂ 120 ಎಕರೆ ಬೇಕು, ಸ್ವಲ್ಪ ಧಾರಾಳವಾಗಿ ಮಾಡಿದರೆ 180 ಎಕರೆ. ಕಲೀನಾ ಕ್ಯಾಂಪಸ್ 200 ಎಕರೆಗಿಂತ ಜಾಸ್ತಿ ಇದೆ, ಸರಿ. ಆದರೆ ಅದರಲ್ಲೇ ನೆಹರೂ ಗ್ರಂಥಾಲಯ, ಹಾಸ್ಟೆಲು, ಒಂದೊಂದು ವಿಷಯಕ್ಕೊಂದು ಕಟ್ಟಡ, ನಮ್ಮ ಕನ್ನಡ ವಿಭಾಗ ಎಲ್ಲ ಇವೆ. ಇವನ್ನೆಲ್ಲ ಎಲ್ಲಿಗೆ ಸಾಗಿಸುವುದು? ಪುಣೆಯ ಗಣೇಶಖಿಂಡದಲ್ಲಿ ಯೂನಿವರ್ಸಿಟಿಗೆ 400 ಎಕರೆಗಿಂತ ಜಾಸ್ತಿ ಇದೆ, ಅಲ್ಲಿ ಹಿಡಿಸಬಹುದು. ಆದರೆ ಆ ಮರಗಳನ್ನು ಕಡಿಯಲು ಹೊರಟರೆ ಪುಣೆಯ ಜನ ಸುಮ್ನೆ ಬಿಡುತ್ತಾರೆಯೇ? ಮುಂಬಯಿಯ ಎಷ್ಟೋ ಕಾಲೇಜುಗಳು ಒಂದೇ ಕಟ್ಟಡದಲ್ಲಿವೆ, ಮಕ್ಕಳು ಕ್ರಿಕೆಟ್ ಆಡಬೇಕಾದರೆ ಓವಲ್ ಮೈದಾನವೋ ಕ್ರಾಸ್ ಮೈದಾನವೋ ಹುಡುಕಿಕೊಂಡು ಹೋಗಬೇಕು. ನಾನು ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ, ಹಗಲು ಹೋಟೆಲಿನ ಗಲ್ಲಾದಲ್ಲಿ. ಆಟದ ಮೈದಾನ ಎಂಬುದು ನಮಗೆ ಟೈಮ್‌ಟೇಬಲ್‌ನಲ್ಲೂ ಇರಲಿಲ್ಲ.

ಈಗ ಅಮೆರಿಕದ ವಿಷಯ. ಅಲ್ಲಿ ಕಾಲೇಜಿಗೆ ಗೋಲ್ಫ್ ಕೋರ್ಸ್ ಬಂದದ್ದು ಹೆಚ್ಚಾಗಿ ದಾನದಿಂದ. ಯೇಲ್ ಯೂನಿವರ್ಸಿಟಿಗೆ 1924ರಲ್ಲಿ ಒಬ್ಬ ಶ್ರೀಮಂತ ಮಹಿಳೆ ಸುಮಾರು 700 ಎಕರೆ ಕಾಡು, ಜೌಗು ಜಾಗ ಕೊಟ್ಟರು. ಬಂಡೆ ಒಡೆದು, ಜೌಗು ಬತ್ತಿಸಿ 1926ರಲ್ಲಿ ಕೋರ್ಸ್ ತೆರೆದರು. ಸ್ಟ್ಯಾನ್‌ಫರ್ಡ್‌ನದು 1930ರದು, ಟೈಗರ್ ವುಡ್ಸ್ ವಿದ್ಯಾರ್ಥಿಯಾಗಿ ಆಡಿದ್ದು ಅಲ್ಲೇ. ನನ್ನ ಅಕ್ಕನ ಮಗಳು ಕೊಲಂಬಸ್‌ನ ಓಹಿಯೊ ಸ್ಟೇಟ್‌ನಲ್ಲಿ ಓದುತ್ತಾಳೆ. ಅಲ್ಲಿ ಎರಡು ಕೋರ್ಸ್, ಒಂದರ ಹೆಸರು ಸ್ಕಾರ್ಲೆಟ್, ಇನ್ನೊಂದರದು ಗ್ರೇ. ನಕ್ಷೆ ಅಲಿಸ್ಟರ್ ಮೆಕೆಂಜಿಯದು, ಮಾಸ್ಟರ್ಸ್ ಎಂಬ ದೊಡ್ಡ ಗೋಲ್ಫ್ ಪಂದ್ಯ ನಡೆಯುವ ಆಗಸ್ಟಾ ನ್ಯಾಷನಲ್ ಕೋರ್ಸ್ ಮಾಡಿದವರಲ್ಲಿ ಒಬ್ಬರು ಅವರೇ, ಕೋರ್ಸ್ ತೆರೆಯುವ ಹೊತ್ತಿಗೆ ತೀರಿಕೊಂಡಿದ್ದರು ಪಾಪ. ಗೋಲ್ಫಿನ ದಂತಕಥೆ ಜ್ಯಾಕ್ ನಿಕ್ಲಸ್ ಓದಿದ್ದೂ ಅದೇ ಯೂನಿವರ್ಸಿಟಿಯಲ್ಲಿ. ಹುಡುಗಿಗೆ ಗೋಲ್ಫಿನ ಗಂಧಗಾಳಿ ಇರಲಿಲ್ಲ. ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ಕಡಿಮೆ ದುಡ್ಡಿಗೆ ಒಳಗೆ ಬಿಡುತ್ತಾರೆ ಎಂದು ಗೆಳತಿಯರ ಜೊತೆ ಹೋಗಿ ಕಲಿಯುತ್ತಿದ್ದಾಳೆ, ಫೋನ್ ಮಾಡಿದರೆ ಈಗ ಪರೀಕ್ಷೆಗಿಂತ ಅದರ ಸುದ್ದಿಯೇ ಜಾಸ್ತಿ.

ಆದರೆ ಅಲ್ಲಿಯೂ ಇದು ಬರೀ ಮಕ್ಕಳ ಆಟಕ್ಕೆ ಇಟ್ಟ ಜಾಗ ಅಂದುಕೊಳ್ಳಬೇಡಿ. ಖರ್ಚು ತೂಗಿಸಲು ಹಳೆ ವಿದ್ಯಾರ್ಥಿಗಳನ್ನೂ ಊರಿನವರನ್ನೂ ಜಾಸ್ತಿ ದರಕ್ಕೆ ಆಡಿಸುತ್ತಾರೆ, ದೇಣಿಗೆ ಕೊಡುವ ದೊಡ್ಡವರನ್ನು ಕರೆದುಕೊಂಡು ಹೋಗಿ ಆಡಿಸುವುದೂ ಅಲ್ಲೇ. ಅವರ ತೆರಿಗೆ ಕಾನೂನು ಇದನ್ನು ಚೆನ್ನಾಗಿ ಹಿಡಿದಿದೆ. ವಿದ್ಯಾರ್ಥಿಯೋ ಮೇಷ್ಟರೋ ಆಡಿದರೆ ಅದು ಕಾಲೇಜಿನ ಕೆಲಸ, ಹೊರಗಿನವರು ದುಡ್ಡು ಕೊಟ್ಟು ಆಡಿದರೆ ಅದು ವ್ಯಾಪಾರ, ಅದರ ಲಾಭಕ್ಕೆ ತೆರಿಗೆ ಕಟ್ಟು. ಇನ್ನು ಸ್ಕಾಲರ್‌ಶಿಪ್. ಬಹಳ ವರ್ಷ ಅಲ್ಲಿನ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ‘ಡಿವಿಷನ್ 1’ರಲ್ಲಿ ಒಂದು ಕಾಲೇಜಿನ ಗಂಡುಮಕ್ಕಳ ತಂಡಕ್ಕೆ ಇದ್ದದ್ದು ಬರೀ 4.5 ಸ್ಕಾಲರ್‌ಶಿಪ್, ಹೆಣ್ಣುಮಕ್ಕಳಿಗೆ 6. ಅದನ್ನೇ ತುಂಡು ಮಾಡಿ ಹಂಚುತ್ತಿದ್ದರು. ಗೋಲ್ಫ್ ಕಲಿತರೆ ಅಮೆರಿಕದಲ್ಲಿ ಪುಕ್ಕಟೆ ಓದು ಎಂದು ಆಸೆ ಹುಟ್ಟಿಸುವವರು ಈ ಲೆಕ್ಕ ಹೇಳುವುದಿಲ್ಲ. ಆ ದಾರಿಯಲ್ಲಿ ಗೆದ್ದವರು ಇಲ್ಲವೆಂದಲ್ಲ. ನಮ್ಮ ಗೋಲ್ಫ್ ಆಟಗಾರ ಜೀವ್ ಮಿಲ್ಖಾ ಸಿಂಗ್ ಟೆಕ್ಸಾಸ್‌ನ ಅಬಿಲೀನ್ ಕ್ರಿಶ್ಚಿಯನ್ ಯೂನಿವರ್ಸಿಟಿಯಲ್ಲಿದ್ದಾಗ 1993ರಲ್ಲಿ ಅದರ ಕೆಳಗಿನ ‘ಡಿವಿಷನ್ 2’ರ ಕಾಲೇಜು ಚಾಂಪಿಯನ್ ಆಗಿದ್ದರು.

ಟೆಕ್ಸಾಸ್ ಅಂದಾಗ ನೆನಪಾಯಿತು, ಈ ಇಡೀ ಚರ್ಚೆಗೆ ಬೇಕಾದ ಕಥೆ ಇರುವುದೇ ಅಲ್ಲಿನ ಆಸ್ಟಿನ್ ನಗರದಲ್ಲಿ. ಜಾರ್ಜ್ ಬ್ರ್ಯಾಕೆನ್‌ರಿಜ್ ಎಂಬ ದಾನಿ 1910ರಲ್ಲಿ ಟೆಕ್ಸಾಸ್ ಯೂನಿವರ್ಸಿಟಿಗೆ ಊರಿನ ಪಕ್ಕದ ದೊಡ್ಡ ಜಾಗ ಬರೆದುಕೊಟ್ಟರು. ಅದರ ಒಂದು ಭಾಗದಲ್ಲಿ 1924ರಲ್ಲಿ ಲಯನ್ಸ್ ಕ್ಲಬ್‌ನವರು ಗೋಲ್ಫ್ ಕೋರ್ಸ್ ಮಾಡಿದರು, ಆಮೇಲೆ ಅದನ್ನು ನಗರಸಭೆ ವಹಿಸಿಕೊಂಡಿತು. ನೆಲ ಯೂನಿವರ್ಸಿಟಿಯದು, ಗುತ್ತಿಗೆ ನಗರಸಭೆಯದು, ಆಡುವವರು ಊರಿನ ಸಾಮಾನ್ಯ ಜನ. ಮುನಿಸಿಪಲ್ ಎಂಬುದನ್ನು ಮೊಟಕು ಮಾಡಿ ಜನ ಅದನ್ನು ಪ್ರೀತಿಯಿಂದ ಮ್ಯೂನಿ ಅನ್ನುತ್ತಾರೆ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರಿಗೆ ಬಿಳಿಯರ ಗೋಲ್ಫ್ ಕೋರ್ಸಿಗೆ ಕಾಲಿಡಲಿಕ್ಕಿರಲಿಲ್ಲ. 1950ರ ಕೊನೆಯ ಹೊತ್ತಿಗೆ ಇಬ್ಬರು ಕಪ್ಪು ಹುಡುಗರು ಸೀದಾ ಒಳಗೆ ನಡೆದು ಆಟ ಶುರು ಮಾಡಿಬಿಟ್ಟರು. ಪೊಲೀಸರನ್ನು ಕರೆದು ಎಳೆದು ಹಾಕಬಹುದಿತ್ತು. ನಗರಸಭೆಯವರು ಆಡಲಿ ಬಿಡಿ ಎಂದರು. ಕೋರ್ಟು ಕಟ್ಟಳೆ ಏನೂ ಇಲ್ಲದೆ ಗೇಟು ತೆರೆಯಿತು, ದಕ್ಷಿಣದ ನಗರಸಭೆ ಕೋರ್ಸುಗಳಲ್ಲಿ ಹೀಗೆ ತೆರೆದ ಮೊದಲನೆಯದು ಅದೇ ಅನ್ನುತ್ತಾರೆ. ತಮಾಷೆ ನೋಡಿ, ಅದೇ 1950ರಲ್ಲಿ ಆ ನೆಲದ ಮಾಲೀಕ ಯೂನಿವರ್ಸಿಟಿ ತನ್ನ ಲಾ ಕಾಲೇಜಿಗೆ ಹೀಮನ್ ಸ್ವೆಟ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಬೇಕಾದರೆ ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯಿತು. ಕ್ಲಾಸಿನ ಬಾಗಿಲಿಗೆ ಕೋರ್ಟು ಬೇಕಾಯಿತು, ಗೋಲ್ಫ್ ಕೋರ್ಸಿನ ಗೇಟಿಗೆ ಬೇಕಾಗಲಿಲ್ಲ.

2016ರಲ್ಲಿ ಮ್ಯೂನಿಯನ್ನು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಆದರೂ ಜಗಳ ನಿಂತಿಲ್ಲ. ಆಸ್ಟಿನ್‌ನಲ್ಲಿ ಈಗ ಜಾಗದ ಬೆಲೆ ಆಕಾಶಕ್ಕೇರಿದೆ. ಈ ನೆಲದಿಂದ ಬರಬೇಕಾದ ದುಡ್ಡು ನಮ್ಮ ವಿದ್ಯಾರ್ಥಿಗಳ ಓದಿಗೆ ಸೇರಬೇಕು, ಜುಜುಬಿ ಬಾಡಿಗೆಗೆ ಬಿಡಲಿಕ್ಕಾಗುವುದಿಲ್ಲ ಎಂದು ಯೂನಿವರ್ಸಿಟಿ ಹೇಳುತ್ತದೆ. ಊರಿಗೆ ಉಳಿದಿರುವ ಹಸಿರೇ ಇಷ್ಟು, ಚರಿತ್ರೆಯೂ ಇಲ್ಲೇ ಇದೆ ಎಂದು ಜನ ಹೇಳುತ್ತಾರೆ. ಎರಡು ಸಲ ಮಾಸ್ಟರ್ಸ್ ಗೆದ್ದ ಬೆನ್ ಕ್ರೆನ್‌ಶಾ ಜನರ ಪರ ನಿಂತಿದ್ದಾರೆ. ಯೂನಿವರ್ಸಿಟಿಯ ಮಾತನ್ನೂ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ದಾನಿ ಜಾಗ ಕೊಟ್ಟದ್ದು ಓದಿಗೆ ತಾನೇ? ಆದರೆ ಇಂಥ ಕಡೆ ಒಮ್ಮೆ ಕಟ್ಟಡ ಎದ್ದರೆ ಆಮೇಲೆ ಎಷ್ಟು ಸ್ಕಾಲರ್‌ಶಿಪ್ ಕೊಟ್ಟರೂ ಆ ನೆಲ ವಾಪಸ್ ಬರುವುದಿಲ್ಲ. ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗಿರಣಿ ಜಾಗಗಳ ಗತಿ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನದು ಇನ್ನೊಂದು ಥರ. ಯೂನಿವರ್ಸಿಟಿ 1413ರದು, ಗೋಲ್ಫಿನ ತವರೂರು ಅನ್ನುವುದೂ ಅದನ್ನೇ. ಆದರೆ ಅಲ್ಲಿನ ಪ್ರಸಿದ್ಧ ಓಲ್ಡ್ ಕೋರ್ಸ್ ಯೂನಿವರ್ಸಿಟಿಯದೂ ಅಲ್ಲ, ಯಾವ ಕ್ಲಬ್‌ನದೂ ಅಲ್ಲ. ಅದು ಸಾರ್ವಜನಿಕ ನೆಲ, 1974ರ ಕಾಯ್ದೆಯಂತೆ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ಕಡಿಮೆ ದರದ ವರ್ಷದ ಪಾಸ್ ಸಿಗುತ್ತದೆ. ಭಾನುವಾರ ಸಾಮಾನ್ಯವಾಗಿ ಆಟವಿಲ್ಲ, ಊರಿನ ಜನ ನಾಯಿ ಕರೆದುಕೊಂಡು ಅದೇ ಹುಲ್ಲಿನ ಮೇಲೆ ವಾಕಿಂಗ್ ಹೋಗುತ್ತಾರೆ. ಜಗತ್ತಿನ ಅತಿ ಹಳೆಯದೆಂದು ಹೆಸರಾದ ಕೋರ್ಸಿಗೇ ವಾರಕ್ಕೊಂದು ದಿನ ಜನರಿಗೆ ಜಾಗ ಬಿಡಲಿಕ್ಕಾಗುತ್ತದೆ ಅಂದಮೇಲೆ ನಮ್ಮವಕ್ಕೆ ಯಾಕಾಗುವುದಿಲ್ಲ? ಕಾಲೇಜಿನ ಮಕ್ಕಳು ಆಡಬೇಕಾದರೆ ಕೋರ್ಸ್ ಕಾಲೇಜಿನದೇ ಆಗಿರಬೇಕು ಎಂದೇನೂ ಇಲ್ಲ, ಅಲ್ವಾ?

ನಮ್ಮ ದೇಶದಲ್ಲೂ ಕಲಿಸುವ ಸಂಸ್ಥೆಗಳಿಗೆ ಅಂಟಿಕೊಂಡ ಗೋಲ್ಫ್ ಕೋರ್ಸ್ ಇಲ್ಲದೆ ಇಲ್ಲ. ಪುಣೆ ಹತ್ತಿರ ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ಸೈನ್ಯದ ಅಧಿಕಾರಿಗಳಾಗುವವರಿಗೆ ಕಲಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿದೆ. ಡೆಹ್ರಾಡೂನ್‌ನಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ಮತ್ತು ಮಿಲಿಟರಿ ಅಕಾಡೆಮಿ ಎರಡರ ಹೆಸರನ್ನೂ ಸೇರಿಸಿಕೊಂಡ ‘ಫ್ರೀಮಾ’ ಕೋರ್ಸ್ ಇದೆ. ಇವು ಹೆಚ್ಚುಕಡಿಮೆ ಸೈನ್ಯದ ಲೋಕದವು, ಬಿ.ಕಾಂ. ಓದುವ ಹುಡುಗನಿಗೆ ದಕ್ಕುವಂಥವಲ್ಲ.

ಹೊಸದು ಮಾಡಲು ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನವಿ ಮುಂಬಯಿಯೇ ಸಾಕ್ಷಿ. ನೆರೂಲ್‌ನಲ್ಲಿ ಹಡಗಿನ ಅಧಿಕಾರಿಗಳನ್ನು ತಯಾರು ಮಾಡುವ ಟಿ.ಎಸ್. ಚಾಣಕ್ಯ ಕಾಲೇಜಿದೆ. ಅದರ ಹಿಂದಿನ ಜೌಗಿಗೆ ಪ್ರತಿ ವರ್ಷ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಆ ಭಾಗದಲ್ಲಿ ಗೋಲ್ಫ್ ಕೋರ್ಸ್ ಜೊತೆಗೆ ದೊಡ್ಡ ದೊಡ್ಡ ಮನೆಗಳ ಯೋಜನೆ ಬಂತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 2018ರಲ್ಲಿ ಬಾಂಬೆ ಹೈಕೋರ್ಟ್ ಅದರ ಅನುಮತಿ ರದ್ದು ಮಾಡಿತು, ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನಮ್ಮಲ್ಲಿ ಗೋಲ್ಫ್ ಕೋರ್ಸ್ ಎಂಬುದು ಎಷ್ಟೋ ಸಲ ಫ್ಲಾಟ್ ಮಾರುವವರ ಜಾಹೀರಾತಿನ ಹಸಿರು ಬಣ್ಣ ಮಾತ್ರ. ನಾಳೆ ಯಾವುದಾದರೂ ಖಾಸಗಿ ಯೂನಿವರ್ಸಿಟಿ ‘ಗೋಲ್ಫ್ ಇರುವ ಕ್ಯಾಂಪಸ್’ ಎಂದು ಬೋರ್ಡ್ ಹಾಕಿದರೆ ಮೊದಲು ಅದರ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ.

ನಮ್ಮ ಕಾಲೇಜುಗಳು ಅಮೆರಿಕದಿಂದ ಕಲಿಯಬೇಕಾದದ್ದು ನನ್ನ ಪ್ರಕಾರ ಹುಲ್ಲಿನ ವಿದ್ಯೆ, ಯಾರೂ ಅದರ ಮಾತೇ ಎತ್ತುವುದಿಲ್ಲ. ಪೆನ್ ಸ್ಟೇಟ್ ಯೂನಿವರ್ಸಿಟಿಯವರು 1950ರ ದಶಕದಲ್ಲಿ ಪೆನ್‌ಕ್ರಾಸ್ ಎಂಬ ಹುಲ್ಲಿನ ತಳಿ ಹೊರತಂದರು, ತಂಪು ಸೀಮೆಯ ಕೋರ್ಸುಗಳಲ್ಲೆಲ್ಲ ಅದು ಹಬ್ಬಿತು. ಬಿಸಿಲು ಸೀಮೆಗೆ ಜಾರ್ಜಿಯಾದ ಟಿಫ್ಟನ್‌ನ ಸಂಶೋಧಕರು ಟಿಫ್‌ಗ್ರೀನ್, ಟಿಫ್‌ವೇ ಮುಂತಾದ ತಳಿಗಳನ್ನು ಮಾಡಿದರು. ಈ ಟಿಫ್ ತಳಿಗಳಿಗೆ ಒಂದು ಕಡೆಯ ಸಂಬಂಧಿ ಯಾವುದು ಗೊತ್ತೇ? ಚೌತಿ ಹಬ್ಬಕ್ಕೆ ದಾದರ್ ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟಿ ಮಾರುತ್ತಾರಲ್ಲ, ಆ ಗರಿಕೆ! ಅದನ್ನು ಆಫ್ರಿಕಾದ ಇನ್ನೊಂದು ಜಾತಿಯ ಜೊತೆ ಕೂಡಿಸಿ ಮಾಡಿದ ಮಿಶ್ರತಳಿ. ನಮ್ಮ ಹಿತ್ತಲಿನ ಹುಲ್ಲಿನ ಬಂಧುವನ್ನು ಅವರು ಪ್ರಪಂಚಕ್ಕೆಲ್ಲ ಮಾರುತ್ತಿದ್ದಾರೆ. ಪುಣೆಯಲ್ಲಿ 1879ರಷ್ಟು ಹಳೆಯ ಕೃಷಿ ಕಾಲೇಜಿದೆ. ಕಡಿಮೆ ನೀರಿಗೆ, ನಮ್ಮ ಮಳೆಗೆ ತಡೆದುಕೊಳ್ಳುವ ಮೈದಾನದ ಹುಲ್ಲು ಯಾವುದು ಎಂದು ಹುಡುಕಲು ಒಂದೆರಡು ಎಕರೆ ಸಾಕು. ಅದರಿಂದ ಕ್ರಿಕೆಟ್ಟಿಗೂ ಫುಟ್‌ಬಾಲ್‌ಗೂ ಲಾಭ, ಕಲಿತ ಹುಡುಗರಿಗೆ ಕೆಲಸವೂ ಸಿಗುತ್ತದೆ.

ಇನ್ನು ಶ್ರೀಮಂತರ ಆಟ ಎಂಬ ಮಾತು. ನಾನು ಚೆಂಬೂರಿನವನು, ಇಲ್ಲಿ 1927ರಿಂದ ಬಾಂಬೆ ಪ್ರೆಸಿಡೆನ್ಸಿ ಗೋಲ್ಫ್ ಕ್ಲಬ್ ಇದೆ, ಆಚೆ ಕೊಲಾಬಾದಲ್ಲಿ ಸೈನ್ಯದವರ ಯು.ಎಸ್. (ಯುನೈಟೆಡ್ ಸರ್ವಿಸಸ್) ಕ್ಲಬ್, ತಾಡದೇವ್ ಕಡೆ ವಿಲಿಂಗ್ಡನ್. ಇವೆಲ್ಲ ಸದಸ್ಯರ ಕ್ಲಬ್‌ಗಳು, ನಮ್ಮ ನಿಮ್ಮಂಥವರು ನೋಡುವುದು ಹೊರಗಿನಿಂದಲೇ. ಹಾಗಾಗಿ ಆಟ ಶ್ರೀಮಂತರದು ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಚಿಕ್ಕರಂಗಪ್ಪನನ್ನು ನೋಡಿ. ಬಿಡದಿ ಹತ್ತಿರದ ಹಳ್ಳಿಯ ಹುಡುಗ, ಪಕ್ಕದ ಈಗಲ್ಟನ್ ಕೋರ್ಸಿನಲ್ಲೇ ಆಟ ಕಲಿತು ದೇಶದ ಒಳ್ಳೆಯ ಪ್ರೊ ಆಟಗಾರರಲ್ಲಿ ಒಬ್ಬನಾದ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಗೋಲ್ಫಿನ ನಿಯಮ ಗೊತ್ತಿಲ್ಲದ ನಮ್ಮ ಬಿಲ್ಡಿಂಗಿನ ಹೆಂಗಸರೂ ಬೆಳಗ್ಗೆ ಟಿವಿ ಮುಂದೆ ಕೂತಿದ್ದರು. ಹತ್ತಿರ ಕೋರ್ಸ್ ಇದ್ದು, ಒಳಗೆ ಬಿಟ್ಟರೆ, ಮಕ್ಕಳು ಕಲಿಯುತ್ತಾರೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ನವಿ ಮುಂಬಯಿಯ ಖಾರ್ಘರ್ ವ್ಯಾಲಿ ಗೋಲ್ಫ್ ಕೋರ್ಸ್ ಮಾಡಿದ್ದು ಸಿಡ್ಕೊ, ಅಂದರೆ ಸರಕಾರದ್ದೇ ಸಂಸ್ಥೆ. ಹೊಸ ಕೋರ್ಸಿಗೆ ಜಾಗ ಹುಡುಕುವ ಬದಲು ಮುಂಬಯಿ ಯೂನಿವರ್ಸಿಟಿಯ ಕ್ರೀಡಾ ವಿಭಾಗ ಸಿಡ್ಕೊ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಳ್ಳಲಿ. ವಾರದ ದಿನಗಳಲ್ಲಿ ಕೋರ್ಸ್ ಖಾಲಿ ಇರುವ ಹೊತ್ತಿನಲ್ಲಿ ಗುರುತಿನ ಚೀಟಿ ತೋರಿಸಿದ ವಿದ್ಯಾರ್ಥಿಗೆ ಅಭ್ಯಾಸದ ಜಾಗ ಬಿಡಲಿ, ಸ್ಟಿಕ್ಕು ಬಾಡಿಗೆಗೆ ಕೊಡಲಿ, ಅಲ್ಲಿ ಆಟಗಾರರ ಸ್ಟಿಕ್ಕಿನ ಚೀಲ ಹೊರುವ ಕ್ಯಾಡಿಗಳ ಮಕ್ಕಳನ್ನೂ ಇದರಲ್ಲಿ ಸೇರಿಸಲಿ. ಪನ್ವೇಲ್, ಬೇಲಾಪುರ, ವಾಶಿ ಕಡೆಯ ಕಾಲೇಜುಗಳಲ್ಲಿ ನಮ್ಮ ಕನ್ನಡಿಗರ, ತುಳುವರ ಮಕ್ಕಳು ಬೇಕಾದಷ್ಟಿದ್ದಾರೆ. ಸದಸ್ಯರ ಕ್ಲಬ್‌ಗಳ ಮಾತು ಬಂದರೆ, ರೇಸ್ ಕ್ಲಬ್ಬಿನ ಕೈಯಲ್ಲಿದ್ದ ಮಹಾಲಕ್ಷ್ಮಿ ರೇಸ್‌ಕೋರ್ಸಿನ 120 ಎಕರೆಯನ್ನು ಸಾರ್ವಜನಿಕ ಪಾರ್ಕಿಗೆ ತೆಗೆದುಕೊಳ್ಳಲು 2024ರಲ್ಲಿ ಸರಕಾರ ತೀರ್ಮಾನಿಸಿದ್ದನ್ನು ಅವರೂ ಓದಿರುತ್ತಾರೆ. ಯಾರೋ ಬಂದು ಗೇಟು ತಟ್ಟುವ ಮೊದಲು ತಾವೇ ವಾರಕ್ಕೆ ಒಂದು ಬೆಳಗ್ಗೆ ಮಕ್ಕಳಿಗೆ ಬಿಟ್ಟುಕೊಟ್ಟರೆ ಅವರಿಗೂ ಒಳ್ಳೆಯದು.

ಓದುಗರಲ್ಲಿ ಯಾರಾದರೂ ಕಾಲೇಜಿನ ಕ್ರೀಡಾ ವಿಭಾಗದಲ್ಲಿದ್ದರೆ ದಯವಿಟ್ಟು ಈ ಅಂಕಣದಲ್ಲೇ ಬರೆಯಿರಿ, ಇಂಥ ಒಪ್ಪಂದಕ್ಕೆ ಯೂನಿವರ್ಸಿಟಿಯಲ್ಲಿ ಯಾರ ಸಹಿ ಬೇಕು, ಅರ್ಜಿ ಯಾವ ಮೇಜಿಗೆ ಹೋಗಬೇಕು ಎಂದು ತಿಳಿಸಿ. ಅರ್ಜಿ ಬರೆದುಕೊಡುವ ಕೆಲಸ ನನಗಿರಲಿ.

ಇತಿ,
ನಿಮ್ಮ ಓದುಗ,
ಚೆಂಬೂರು, ಮುಂಬಯಿ